ಪರವಾನಗಿಯಿಲ್ಲದೆ ಹಾದುಹೋದ ಕಣ

ದೊಡ್ಡಕಟ್ಟೆಪುರದ ಗಡಿಯೊಳಕ್ಕೆ ಆಕಾಶದಿಂದ ಯಾವ ಕಣವೂ ಬರುವುದಿಲ್ಲವೆಂಬುದು ೧೯೪೩ರಿಂದೀಚೆಗೆ ಜಾರಿಯಲ್ಲಿರುವ ಸತ್ಯ. ಅದಕ್ಕೆ ಮುಂಚೆ ಬರುತ್ತಿದ್ದವು.

ಕಿರುಗಾವಲಿನಾಚೆಯ ಈ ಊರಿನ ಶಾಲೆಯಲ್ಲಿ ನಿಂಗಯ್ಯ ಮೇಷ್ಟ್ರು ಒಂದು ಯಂತ್ರ ಮಾಡಿದ್ದರು. ಮದ್ದೂರಿನ ಸೈಕಲ್ ಶಾಪಿನ ಅಫ್ಸರ್ ಪಾಷಾ ಅದಕ್ಕೆ ಗಾಜಿನ ಜಾಡಿ, ಸೈಕಲ್ ಪಂಪು ಜೋಡಿಸಿಕೊಟ್ಟಿದ್ದ. ಜಾಡಿಯೊಳಗೆ ಸ್ಪಿರಿಟ್ಟಿನ ಆವಿ. ಪಂಪನ್ನು ಸರಕ್ಕನೆ ಎಳೆದರೆ, ಕಣ್ಣಿಗೆ ಕಾಣದ ಕಣ ಹಾದುಹೋದ ದಾರಿಯಲ್ಲಿ ಬಿಳಿ ಎಳೆಯೊಂದು ಮೂಡುತ್ತಿತ್ತು. ಬೆಂಗಳೂರಿನ ಪರೀಕ್ಷಕರು ಆ ಎಳೆ ನೋಡಿದರೆ ಶಾಲೆಗೆ ವಿಜ್ಞಾನದ ತರಗತಿ. ಇಲ್ಲದಿದ್ದರೆ ಮೇಷ್ಟ್ರು ಪಿಂಚಣಿಯವರೆಗೂ ಕಾಪಿ ತಿದ್ದಿಸಬೇಕು, ಪಾಪ.

ಅದು ಯುದ್ಧಕಾಲ. ಊರೊಳಕ್ಕೆ ಬರುವುದಕ್ಕೆಲ್ಲ ಪರವಾನಗಿ ಕೊಡುತ್ತಿದ್ದ ಪ್ರವೇಶ ನಿಯಂತ್ರಣಾಧಿಕಾರಿ ಕೆಂಪಸಿದ್ದಯ್ಯನವರು ಯಂತ್ರ ನೋಡಲು ಚಿತ್ತೈಸಿದರು.

"ಈ ಕಣ ಎಲ್ಲಿಂದ ಬಂತು?"

"ಆಕಾಶದಿಂದ ಸ್ವಾಮಿ. ಇಂಥವು ತಮ್ಮ ತಲೆಯೊಳಗಿಂದಲೂ ಹಾದುಹೋಗ್ತವೆ."

"ನನ್ನ ತಲೇಲಿ ಈವರೆಗೆ ಏನೂ ಓಡಾಡಿಲ್ಲ."

ಕಚೇರಿಯ ಸಿಬ್ಬಂದಿಯೆಲ್ಲ ಇದಕ್ಕೆ ಸಾಕ್ಷಿ ನುಡಿದರು.

ಕೂಡಲೇ ಕಣಗಳ ಮೇಲೆ ಆಜ್ಞೆ ಹೊರಟಿತು. ಆಜ್ಞೆ ಯಾರಿಗೋ ಅವರ ಬೀದಿಯಲ್ಲೇ ತಮಟೆ ಹೊಡೆಯಬೇಕೆಂಬುದು ಊರ ಪದ್ಧತಿ. ಆದ್ದರಿಂದ ಜವಾನ ಮರಿಯಯ್ಯ ಶಾಲೆಯ ಸೂರು ಹತ್ತಿ, ಮುಖ ಮೇಲೆತ್ತಿ ಸಾರಿದ: "ಸಕಲ ಕಣಗಳಿಗೂ ತಿಳಿಯಪಡಿಸುವುದೇನೆಂದರೆ, ಪರವಾನಗಿಯಿಲ್ಲದೆ ಗಡಿ ದಾಟತಕ್ಕದ್ದಲ್ಲ. ದಾಟಿದವು ಬಂದ ದಾರಿಯಲ್ಲೇ ಹಿಂತಿರುಗತಕ್ಕದ್ದು!"

ಸ್ಪಿರಿಟ್ಟನ್ನು ಯಾರಾದರೂ ಕುಡಿದಾರೆಂದು ಅದರ ಕಾವಲಿಗೂ ಮರಿಯಯ್ಯನನ್ನೇ ನೇಮಿಸಲಾಯಿತು. ಅದು ಕುಡಿಯಲು ಯೋಗ್ಯವಲ್ಲವೆಂದು ಅವನು ದಿನವೂ ರುಚಿ ನೋಡಿ ಖಾತ್ರಿಪಡಿಸತಕ್ಕದ್ದು. ಕೆಲವೇ ದಿನಗಳಲ್ಲಿ ಎಳೆ ಮೂಡುವುದು ನಿಂತಿತು. ಆಜ್ಞೆ ಫಲಿಸಿತೆಂದು ಅಧಿಕಾರಿಗಳಿಗೆ ಹಾರ ಹಾಕಿದರು.

ಪಾಷಾ ಸ್ಪಿರಿಟ್ಟಿನ ಸೀಸೆ ಮೂಸಿದ. "ಮೇಷ್ಟ್ರೇ, ಇದು ಬಾವಿ ನೀರು ಕಣ್ರೀ. ಎಲ್ಲಾ ಕುಡ್ದು ಬುಟ್ಟವ್ನೆ!"

"ಪರೀಕ್ಸೆ ಮಾಡ್ದೆ ಕಣ್ಲಾ," ಎಂದ ಮರಿಯಯ್ಯ, ಕಂಬಕ್ಕೆ ಒರಗಿಕೊಂಡೇ.

ಪರೀಕ್ಷಕರು ಬಂದ ದಿನ ಪಾಷಾ ಮದ್ದೂರಿನಿಂದ ಕೋಟಿನ ಜೇಬಿನಲ್ಲಿ ಒಂದು ಪುಟ್ಟ ಸೀಸೆ ಸ್ಪಿರಿಟ್ಟು ತಂದು ಸುರಿದು, ಪಂಪು ಎಳೆದ. ಉದ್ದಕ್ಕೆ ಬಿಳಿ ಎಳೆ!

"ಬಂತು ಕಣಯ್ಯಾ ಪಾಷಾ, ಬಂತು!" ಮೇಷ್ಟ್ರ ಕಣ್ಣಲ್ಲಿ ನೀರು. ಹಿರಿಯ ಪರೀಕ್ಷಕರೂ "ಭಲೇ!" ಎಂದುಬಿಟ್ಟರು.

ಕೆಂಪಸಿದ್ದಯ್ಯನವರು ಶಾಂತವಾಗಿ ಕೇಳಿದರು: "ಅಕ್ರಮ ಪ್ರವೇಶ ಕಂಡೋರಿಗೆ ಸಜಾ ಇದೆ. ಯಾರ್ಯಾರು ಕಂಡ್ರಿ?"

ಹಿರಿಯ ಪರೀಕ್ಷಕರು ಕನ್ನಡಕ ತೆಗೆದು ಒರೆಸತೊಡಗಿದರು. "ನಮಗೇನೂ ಕಾಣಲಿಲ್ಲವಲ್ಲ! ಕಣವೇ ಬಾರದ ಊರು ಜಗತ್ತಿನಲ್ಲೇ ಅಪರೂಪ. ಇದನ್ನು ಅಭ್ಯಾಸ ಮಾಡಲಿಕ್ಕಾದರೂ ಇಲ್ಲಿ ವಿಜ್ಞಾನದ ತರಗತಿ ಬೇಕು. ಮೇಷ್ಟ್ರೇ, ನೀವು?"

ಮೇಷ್ಟ್ರು ಜಾಡಿಯನ್ನು ನೋಡಿದರು. ಎಳೆ ಆಗಲೇ ಕರಗಿತ್ತು.

"ಕಾಣಲಿಲ್ಲ ಸ್ವಾಮಿ."

ತರಗತಿ ಮಂಜೂರಾಯಿತು. ಸ್ಪಿರಿಟ್ಟೂ ತಪ್ಪದೆ ಬರುತ್ತಿದೆ. ಮೇಷ್ಟ್ರು ಮಕ್ಕಳೆದುರು ಪಂಪು ಎಳೆಯುತ್ತಾರೆ, ಎಳೆ ಚೆನ್ನಾಗಿ ಮೂಡುತ್ತದೆ.

"ಏನು ಕಾಣಿಸ್ತು?"

"ಏನೂ ಇಲ್ಲ ಸಾ!"

ಎಲ್ಲರಿಗೂ ಪೂರ್ತಿ ಅಂಕ.