ಧಾರಾವಾಹಿಯ ಗೆಳತಿ, ಚಾಳಿನ ಗೆಳತಿ

ಟೀವಿಯಲ್ಲಿ ಗೆಳತಿಯರು ಒಬ್ಬರಿಗೊಬ್ಬರು ಪ್ರಾಣ ಕೊಡುತ್ತಾರೆ. ನಮ್ಮ ಬಿಬವೇವಾಡಿಯ ಚಾಳಿನಲ್ಲಿ, ಅಂದರೆ ವಠಾರದಲ್ಲಿ, ಒಂದು ಕೊಡ ನೀರು ಕೊಟ್ಟರೆ ದೊಡ್ಡದು. ಆದರೆ ಪಕ್ಕದ ಮನೆಯ ನನ್ನ ಗೆಳತಿ ಧಾರಾವಾಹಿ ನೋಡಿ ಗೆಳೆತನ ಕಲಿತವಳು. ಹಡಪಸರದ ಬಟ್ಟೆ ಫ್ಯಾಕ್ಟರಿಯಲ್ಲೂ ನಮ್ಮ ಮಷೀನುಗಳು ಅಕ್ಕಪಕ್ಕ. ಹಾಗಾಗಿ ನನಗೆ ಇಂಥ ಪ್ರಸಂಗಗಳು ತಪ್ಪಿದ್ದಲ್ಲ.

೧. ರಕ್ತದಾನ

ನನಗೆ ಪಿತ್ತಕೋಶದ ಕಲ್ಲಿನ ಆಪರೇಷನ್. ಯಾರಾದರೂ ರಕ್ತ ಕೊಡಬೇಕೆಂದರು ಆಸ್ಪತ್ರೆಯವರು. ನನ್ನ ಗಂಡ ಬಾಯಿ ತೆರೆಯುವ ಮೊದಲೇ ಗೆಳತಿ ತೋಳು ಚಾಚಿದಳು.

"ಕಡೀ ಹನಿ ತನಕಾ ತಗೋರಿ!"

ನನಗೆ ಎಚ್ಚರವಾದಾಗ ಅವಳು ಪಕ್ಕದ ಮಂಚದಲ್ಲಿದ್ದಳು. ಸೂಜಿ ನೋಡಿಯೇ ಧೊಪ್ಪನೆ ಬಿದ್ದಿದ್ದಳಂತೆ. ರಕ್ತ ಕೊಟ್ಟವನು ನನ್ನ ಗಂಡ. ಅವಳಿಗೆ ಗಾಳಿ ಬೀಸುತ್ತಿದ್ದವನೂ ಅವನೇ. ನನಗೆಂದು ತಂದ ಎಳನೀರು ಅವಳ ಕೈಯಲ್ಲಿತ್ತು.

"ನಿನಗ ಒಬ್ಬಾಕಿಗೇ ಬ್ಯಾಸರಾಗಬಾರದಂತ ಮಲಕೊಂಡೀನಿ," ಅಂದಳು.

೨. ತ್ಯಾಗ

ಸೂಪರ್‌ವೈಸರ್ ಒಂದು ಶರ್ಟು ಎತ್ತಿ ಹಿಡಿದು ಮರಾಠಿಯಲ್ಲಿ ಗುಡುಗಿದ. ತೋಳು ಉಲ್ಟಾ! ಯಾರು ಹೊಲಿದದ್ದು?

ಪಾಪ, ಅದು ನನ್ನ ಕೆಲಸವೇ ಇರಬೇಕೆಂದುಕೊಂಡು, ನನ್ನನ್ನು ಉಳಿಸಲು ಗೆಳತಿ ಎದ್ದು ನಿಂತಳು. "ನಾನ್ರೀ ಸಾಹೇಬ್ರ."

ಅವಳೇ ಹೊಲಿದಿರಬೇಕು, ಕೆಲಸ ಹೋದರೆ ಗತಿಯೇನು ಎಂದು ನಾನೂ ಎದ್ದೆ. "ಅಲ್ರೀ, ನಾನು."

"ಸುಳ್ಳ ಹೇಳಾಕತ್ತಾಳ್ರೀ!"

"ಆಕಿ ಮಾತು ನಂಬಬ್ಯಾಡ್ರಿ!"

ಇಬ್ಬರೂ ತಬ್ಬಿಕೊಂಡು ಅತ್ತೆವು. ಇಡೀ ಲೈನು ಮೂಗು ಒರೆಸಿಕೊಂಡಿತು. ಸೂಪರ್‌ವೈಸರ್ ಮಾತ್ರ ಕರಗಲಿಲ್ಲ. ಊಟ ಬಿಟ್ಟು ನಾವಿಬ್ಬರೂ ಹೊಲಿಗೆ ಬಿಚ್ಚಿದೆವು.

ಆಮೇಲೆ ತಿಳಿಯಿತು. ನಮ್ಮ ತ್ಯಾಗ ನೋಡಿ ಎಲ್ಲರಿಗಿಂತ ಜೋರಾಗಿ ಅತ್ತ ಹಿಂದಿನ ಮಷೀನಿನವಳೇ ಆ ತೋಳು ಹೊಲಿದವಳು.

೩. ಗಂಡ

ಗೆಳತಿಯ ಅತ್ತೆ ನೋಡುವ ಧಾರಾವಾಹಿಯಲ್ಲಿ ನಾಯಕಿಯ ಗಂಡನನ್ನು ಅವಳ ಜೀವದ ಗೆಳತಿಯೇ ಹಾರಿಸಿಕೊಂಡು ಹೋದಳು. ಮರುದಿನ ಭಾನುವಾರ. ನಾನು ಬಿಸಿ ರೊಟ್ಟಿ ಹಿಡಿದು ಅವರ ಬಾಗಿಲಿಗೆ ಹೋದೆ. ಒಳಗೆ ಅತ್ತೆಯ ದನಿ:

"ಇನ್ನ ಆ ನಿನ್ನ ಗೆಳತಿ ನಮ್ಮ ಹೊಸ್ತಿಲಾ ದಾಟಬಾರದು. ನಿನ್ನ ಗಂಡನ್ನ ಹೊಡಕೊಂಡು ಹೋಗ್ತಾಳ!"

ನಾನು ಹೊಸ್ತಿಲ ಹೊರಗೇ ನಿಂತೆ. ಇಷ್ಟು ವರ್ಷದ ಗೆಳೆತನ ಹೀಗೆ ಮುಗಿಯಿತಲ್ಲ ಎಂದು ಕಣ್ಣು ತುಂಬಿತು.

ತೆರೆದ ಬಾಗಿಲಿಂದ ಇಣುಕಿದೆ. ಬನಿಯನ್ ಮೇಲೇರಿ, ಹೊಟ್ಟೆ ಹೊರಬಿದ್ದು, ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ ಗಂಡನನ್ನು ಗೆಳತಿ ತಲೆಯಿಂದ ಕಾಲಿನವರೆಗೆ ನೋಡಿದಳು.

"ಒಯ್ಯಲಿ ಬಿಡ್ರಿ ಅತ್ತಿ. ಎರಡ ದಿನಕ್ಕ ಆಕಿನೇ ತಂದು ಬಿಟ್ಟು ಹೋಗ್ತಾಳ."

ಅತ್ತೆಯೂ ಮಗನತ್ತ ತಿರುಗಿದರು. ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಬಾಗಿಲಲ್ಲಿದ್ದ ನನ್ನನ್ನು ಕಂಡು ಕರೆದರು:

"ಒಳಗ ಬಾರವ್ವ, ಚಹಾ ಕುಡಿ. ಅವನ್ನ ಒಯ್ಯೋದಿದ್ರ ಒಯ್ಯಿ. ಟೀವಿಗಿ ಮಾತ್ರ ಕೈ ಹಚ್ಚಬ್ಯಾಡ."