ಮಿನುಗುವ ನಂಬರ್ ಪ್ಲೇಟಿನವರಿಗೆ ಒಬ್ಬ ಪೇಂಟರನ ಅಹವಾಲು

ಶ್ರೀಯುತ ಮಿನುಗುವ ನಂಬರ್ ಪ್ಲೇಟಿನವರ ಸನ್ನಿಧಾನಕ್ಕೆ,

ಮಾನ್ಯರೇ,

ಎರಡೂ ಕೈ ಜೋಡಿಸಿ ತಮಗೆ ನಮಸ್ಕಾರ. ಕೈಗೆ ಬಣ್ಣ ಅಂಟಿದ್ದರೆ ಅದು ಕಸುಬಿನ ತಪ್ಪು, ನನ್ನದಲ್ಲ. ಸಾರಿಗೆ ಕಚೇರಿಯ ಗೇಟಿನೆದುರು ನಲವತ್ತೊಂದು ವರ್ಷ ಕೂತು ಗಾಡಿಗಳಿಗೆ ನಂಬರ್ ಬರೆದವನು ನಾನು. ಐದನೇ ಕ್ಲಾಸಿಗೇ ಶಾಲೆ ಬಿಟ್ಟವನಾದ್ದರಿಂದ ಈ ಪತ್ರದಲ್ಲಿ ವಿನಯ ಎಲ್ಲಾದರೂ ಕಡಿಮೆ ಬಿದ್ದರೆ ತಾವೇ ತುಂಬಿಕೊಂಡು ಓದತಕ್ಕದ್ದು. ತಾವೀಗ ನನ್ನ ವ್ಯಾನಿನ ಬೆನ್ನಿಗೆ ಅಂಟಿಕೊಂಡು ಅದೇ ಕಚೇರಿಯ ಅಂಗಳದಲ್ಲಿ ಬಂಧನದಲ್ಲಿದ್ದೀರಿ, ವ್ಯಾನಿನೊಳಗೆ ನನ್ನ ಏಣಿಯಿದೆ. ಸೋಮವಾರ ಹೊಸ ಶಾಲೆಯೊಂದರ ಬಾಗಿಲು ತೆರೆಯುತ್ತದೆ. ಅದರ ನೆತ್ತಿಯ ಮೇಲೆ ಹೆಸರು ಬರೆಯಬೇಕಾದ ನನ್ನ ಕೈ ಏಣಿಯಿಲ್ಲದೆ ಮುಟ್ಟುವುದು ಬಾಗಿಲ ಚಿಲಕದವರೆಗೆ ಮಾತ್ರ.

ತಗಡಿನ ಪ್ಲೇಟು, ಗಾಜಿಗಂಟಿಸುವ ನೋಂದಣಿ ಸ್ಟಿಕರು ಎರಡನ್ನೂ ಮನೆಗೆ ಕಳಿಸಿ, ಟಿವಿಯಂತೆ ಪರದೆಯ ಮೇಲೆ ನಂಬರು ತೋರಿಸುವ ತಾವೊಬ್ಬರೇ ಎಲ್ಲ ನಿಭಾಯಿಸುವಿರಾ ಎಂದು ಪರೀಕ್ಷಿಸಲು ಕಚೇರಿಯವರು ಹನ್ನೆರಡು ಗಾಡಿ ಆರಿಸಿದರು, ಅದರಲ್ಲಿ ನನ್ನದೊಂದು. "ಇದು ತಾನಾಗೇ ಬದಲಾಗುತ್ತೆ ಯಜಮಾನ್ರೇ, ನೀವು ಮುಟ್ಟೋದೇ ಬೇಡ" ಅಂದರು. ಎಂಥ ಸತ್ಯವಾಕ್ಯ! ಮೊದಲ ದಿನ ನನ್ನ ನಂಬರು, ಎರಡನೇ ದಿನ ಯಾರದೋ ನಂಬರು, ಮೂರನೇ ದಿನ ಬರೀ 'ದಯವಿಟ್ಟು ಕಾಯಿರಿ'. ಹಿಂದಿದ್ದ ಲಾರಿಯವನು ತಮ್ಮ ಅಪ್ಪಣೆಗೆ ತಲೆಬಾಗಿ, ಸಿಗ್ನಲ್ ಬಿಟ್ಟ ಮೇಲೂ ಹಾರ್ನ್ ಹೊಡೆಯದೆ ನಿಂತೇ ಇದ್ದ. ಇಷ್ಟು ಶಿಸ್ತನ್ನು ಅವನಿಗೆ ಹೆತ್ತವರೂ ಕಲಿಸಿರಲಾರರು.

ನಾಲ್ಕನೇ ದಿನ ತಾವು ಕೆಂಪಗಾಗಿ 'ಈ ವಾಹನ ಕಳವಾಗಿದೆ' ಎಂದು ಊರಿಗೆಲ್ಲ ಸಾರಿದಿರಿ. ಓಡಿಸುತ್ತಿದ್ದವನು ನಾನು, ಪಕ್ಕದಲ್ಲಿ ಪೇಂಟ್ ಡಬ್ಬ ತಬ್ಬಿ ಕೂತಿದ್ದವಳು ಎಪ್ಪತ್ತೆಂಟರ ನನ್ನ ಅಕ್ಕ. ಪೊಲೀಸಪ್ಪ ಅಡ್ಡಗಟ್ಟಿ, "ಏನ್ ಯಜಮಾನ್ರೇ, ನಿಮ್ ಗಾಡೀನ ನೀವೇ ಕದ್ರಾ?" ಅಂದ. ನಾನು ಬಾಯಿ ತೆರೆಯುವ ಮೊದಲೇ ಅಕ್ಕ, "ಇವನಾ? ಚಿಕ್ಕೋನಿದ್ದಾಗ ಸಕ್ಕರೆ ಕದಿಯೋಕೂ ಬರ್ತಿರ್ಲಿಲ್ಲ, ಡಬ್ಬ ಬೀಳಿಸ್ಕೊಂಡು ಸಿಕ್ಕಿಬೀಳ್ತಿದ್ದ" ಎಂದು ನನ್ನ ಪರ ಸಾಕ್ಷಿ ನುಡಿದಳು. ಅರವತ್ತು ವರ್ಷ ಕಾಪಾಡಿಕೊಂಡ ಮಾನ ನಡುರಸ್ತೆಯಲ್ಲಿ ಹೋಯಿತು. ಎಲ್ಲ ತಮ್ಮ ದಯೆ.

ಐದನೇ ದಿನ ಬಿಸಿಲಿಗೆ ತಾವು ಮಂಕಾದಿರಿ. ಇಲ್ಲಿ ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಮಾಸಿದ ನಂಬರು ಕಂಡರೆ ನನ್ನ ಕೈ ನನ್ನನ್ನು ಕೇಳುವುದಿಲ್ಲ. ಟೀ ಕುಡಿಯುತ್ತಿದ್ದವನು ಎದ್ದು, ಬ್ರಷ್ ಅದ್ದಿ, ತಮ್ಮ ಮುಖದ ಮೇಲೆಯೇ ನಂಬರನ್ನು ತಿದ್ದಿಬಿಟ್ಟೆ. ಎರಡು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿ, ತಲೆದೂಗಿದ ಮೇಲೆಯೇ ನೆನಪಾದದ್ದು ತಾವು ತಗಡಲ್ಲ, ಸರ್ಕಾರಿ ಯಂತ್ರ ಎಂದು. "ಲೋ, ಟಿವಿಗೆ ಪೇಂಟ್ ಬಳಿದ್ಯಲ್ಲೋ!" ಎಂದು ಅಕ್ಕ ನಕ್ಕು ನಕ್ಕು ಸ್ಟೂಲಿನಿಂದ ಜಾರಿದಳು. ಕಚೇರಿಯವರು ನಗಲಿಲ್ಲ. ಪ್ರಯೋಗ ಕೆಡಿಸಿದ್ದಕ್ಕೆ ವ್ಯಾನು ಒಳಗೆ; ತಾವು ಮೊದಲಿನಂತಾಗುವವರೆಗೆ ಬಿಡುವುದಿಲ್ಲವಂತೆ. ಮೊದಲಿನಂತೆ ಎಂದರೆ ನನ್ನ ನಂಬರೋ, ಯಾರದೋ ನಂಬರೋ, ಕಳವಿನ ಗಾಡಿಯೋ ಎಂದು ಕೇಳಿದೆ. ಕಚೇರಿಯ ಸಾಹೇಬರು ಫ್ಯಾನ್ ಜೋರು ಮಾಡಿಸಿಕೊಂಡರು.

ಆದ್ದರಿಂದ ಎಲ್ಲವನ್ನೂ ತಾವಾಗೇ ಮಾಡಬಲ್ಲ ತಾವು ಬಣ್ಣದೊಳಗಿಂದಲೇ ಒಮ್ಮೆ ಮಿನುಗಿ 'ಈ ಮುದುಕ ನಿರಪರಾಧಿ' ಎಂದು ತೋರಿಸಬೇಕು. ಆಗದಿದ್ದರೆ ಏಣಿಯನ್ನಾದರೂ ಕಿಟಕಿಯಿಂದ ಹೊರಗೆ ದಾಟಿಸಬೇಕು. ಅದೂ ಆಗದಿದ್ದರೆ ಸೋಮವಾರದೊಳಗೆ ಶಾಲೆಯನ್ನು ನನ್ನ ಎದೆಯೆತ್ತರಕ್ಕೆ ಇಳಿಸಿ ಕಟ್ಟಲು ಶಿಫಾರಸು ಮಾಡಬೇಕೆಂದು ಬೇಡಿಕೊಳ್ಳುತ್ತೇನೆ.

ತಮ್ಮ ಮುಖಕ್ಕೆ ಬಣ್ಣ ಬಳಿದೂ ತಮ್ಮ ವಿಶ್ವಾಸಿಯಾಗಿಯೇ ಉಳಿದ,
ಗೇಟಿನೆದುರಿನ ಪೇಂಟರ್

ಮತ್ತೊಂದು ಮಾತು: ಸಾಹೇಬರ ಕಾರಿನ ಹಿಂದಿದ್ದ ತಮ್ಮ ಬಂಧುಗಳು ಇಂದು ಬೆಳಿಗ್ಗೆ ಪೂರ್ತಿ ಕಣ್ಣು ಮುಚ್ಚಿದರಂತೆ, ನಾಳೆ ಮೇಲಿನವರು ತಪಾಸಣೆಗೆ ಬರುತ್ತಾರಂತೆ. ಡ್ರೈವರು ಕಾರನ್ನು ಮೆಲ್ಲಗೆ ನನ್ನ ಮುಂದೆ ತಂದು ನಿಲ್ಲಿಸಿ, "ಅಜ್ಜಾ, ಬೇಗ ಒಂದು ತಗಡಿನ ಮೇಲೆ ನಂಬರ್ ಬರ್ದ್ಕೊಡಿ, ಯಾರಿಗೂ ಹೇಳ್ಬೇಡಿ" ಎಂದಿದ್ದಾನೆ. ಯಾರಿಗೂ ಹೇಳಿಲ್ಲ, ಬಹಿರಂಗ ಪತ್ರದಲ್ಲಿ ಬರೆದಿದ್ದೇನೆ, ಅಷ್ಟೇ. ಮೂರು ಅಂಕಿ ಮುಗಿದಿವೆ. ನಾಲ್ಕನೆಯದಕ್ಕೆ ಏಣಿ ಬೇಕೇ ಬೇಕು ಎಂದು ಸಾಹೇಬರಿಗೆ ಹೇಳಿ ಕಳಿಸಿದ್ದೇನೆ.