ಬಲ್ಬಿಗೆ ಬಂದ ಮರೆವು

ಮೂವತ್ತು ವರ್ಷ ಲೇತ್ ಮಷೀನನ್ನೇ ಹೇಳಿದ ಹಾಗೆ ಕುಣಿಸಿದ ಈ ಪುಟ್ಟಪ್ಪನಿಗೆ ಒಂದು ಬಲ್ಬು ಯಾವ ಲೆಕ್ಕ! ಹೀಗಂತ ಎದೆ ತಟ್ಟಿಕೊಂಡೇ ಸವಳಂಗ ರಸ್ತೆಯ ಅಂಗಡಿಯಿಂದ ಸ್ಮಾರ್ಟ್ ಬಲ್ಬ್ ತಂದೆ. ಫೋನಿನಲ್ಲೇ ಟೈಮ್ ಹಾಕಿಟ್ಟರೆ ತಾನೇ ಹತ್ತುತ್ತದಂತೆ. ನನ್ನ ಹೆಂಡತಿ ಜಗದಾಂಬಾ ವಾಪಸು ಬಂದು ಹೊಸ್ತಿಲು ದಾಟುವ ಹೊತ್ತಿಗೆ ನಡುಮನೆಯಲ್ಲಿ ಬೆಳಕು ಝಗ್ ಅನ್ನಬೇಕು, ಅವಳು ಬೆರಗಾಗಿ ನಿಲ್ಲಬೇಕು. ಇದೇ ನನ್ನ ಮಹಾಸಂಕಲ್ಪ!

ಅವಳು ಭದ್ರಾವತಿಗೆ ಹೋಗಿ ಏಳು ವಾರ. ಅವಳ ತಂಗಿ ಪುಟ್ಟಲಕ್ಷ್ಮಿಯ ಬಾಣಂತನ. ಶಿವಮೊಗ್ಗದಿಂದ ಭದ್ರಾವತಿಗೆ ಇಪ್ಪತ್ತೇ ಕಿಲೋಮೀಟರ್ ಅನ್ನುತ್ತದೆ ರಸ್ತೆ ಬದಿಯ ಕಲ್ಲು. ಕಲ್ಲಿಗೇನು, ಹೆಂಡತಿ ಇದ್ದಾಳಾ? ಪ್ರತಿ ಭಾನುವಾರ ಹೋಗುತ್ತೇನೆ. ಬಾಣಂತಿ ಮನೆಯಲ್ಲಿ ಗಂಡಸಿಗೆ ಜಾಗ ಹೊರಗಿನ ಕುರ್ಚಿ. ಒಳಗಿನಿಂದ ಕಾಫಿ ಬರುತ್ತದೆ, ಅವಳ ದನಿ ಬರುತ್ತದೆ. ಅವಳು ಬರುವುದಿಲ್ಲ.

ಫೋನಿದೆಯಲ್ಲ ಅನ್ನುತ್ತೀರಿ. ನಾನು ಮಾತಿನಲ್ಲಿ ಕಡುಬಡವ.

"ಊಟ ಆಯ್ತಾ?"

"ಆಯ್ತು. ನಿಮ್ದು?"

"ಆಯ್ತು. ಇಡ್ತೀನಿ."

ಹನ್ನೊಂದು ಸೆಕೆಂಡ್! 'ಮನೆ ಬಿಕೋ ಅಂತಿದೆ ಕಣೇ' ಅನ್ನುವ ಮಾತು ಗಂಟಲವರೆಗೆ ಬಂದು ತಿರುಗಿ ಹೋಗುತ್ತದೆ.

ಬಲ್ಬಿನ ಆ್ಯಪ್ ನಂಬರ್ ಕೇಳಿತು. ಗ್ಯಾಸು, ರೇಷನ್ನು, ಕರೆಂಟು, ನಮ್ಮಲ್ಲಿ ಎಲ್ಲಕ್ಕೂ ಅವಳದೇ ನಂಬರ್. ಕೈ ಅದನ್ನೇ ಒತ್ತಿಬಿಟ್ಟಿತು. ಓಟಿಪಿ ನೆಟ್ಟಗೆ ಭದ್ರಾವತಿಗೆ ಹೊರಟಿತು!

"ಏ, ಓಟಿಪಿ ಬಂದಿದ್ಯಾ ನೋಡೇ."

"ತಡೀರಿ, ಮಗೂಗೆ ಎಣ್ಣೆ ಹಚ್ಚಿದ ಕೈ... ಹ್ಞಾ, ಬಂದಿದೆ. ಯಾರಿಗೂ ಹೇಳ್ಬಾರ್ದು ಅಂತ ಬರ್ದಿದೆ ಕಣ್ರೀ!"

"ನಾನೂ ಯಾರೋ ಆಗ್ಬಿಟ್ನಾ ಮಾರಾಯ್ತಿ?"

"ಯಾತಕ್ಕೆ ಬೇಕು, ಮೊದ್ಲು ಅದು ಹೇಳಿ!"

ಬಲ್ಬಿನ ಗುಟ್ಟು ಅಲ್ಲೇ ರಟ್ಟಾಯಿತು. ಅವಳು ಕನ್ನಡಕ ಹುಡುಕಿ ಓದುವಷ್ಟರಲ್ಲಿ ಓಟಿಪಿಯ ಆಯಸ್ಸು ಮುಗಿಯಿತು. ಇನ್ನೊಂದು ತರಿಸಿದೆ. ಅದು ಬರುವ ತನಕ ಅವಳು ತುಳಸಿಗೆ ನೀರು ಹಾಕಿದಿರಾ ಅಂದಳು, ಉಪ್ಪಿನಕಾಯಿ ಜಾಡಿಗೆ ಬಟ್ಟೆ ಕಟ್ಟಿದಿರಾ ಅಂದಳು, ಮಗು ನಿದ್ದೆಯಲ್ಲಿ ನಗುತ್ತದೆ ಅಂದಳು. ಒಟ್ಟು ಹನ್ನೆರಡು ನಿಮಿಷ! ಮದುವೆಯಾದಾಗಿನಿಂದ ಇದೇ ದಾಖಲೆ.

ಬಲ್ಬು ಹತ್ತಿತು, ಫೋನು ಆರಿತು. ಆ ಝಗಝಗ ಬೆಳಕಿನಲ್ಲಿ ಮನೆ ಇನ್ನಷ್ಟು ಖಾಲಿ ಕಂಡಿತು.

ಡಬ್ಬಿಯ ಮೇಲೆ ಚಿತ್ರವಿತ್ತು. ಸ್ವಿಚ್ಚನ್ನು ಐದು ಸಲ ಹಾಕಿ ತೆಗೆದರೆ ಬಲ್ಬು ಎಲ್ಲ ಮರೆತುಬಿಡುತ್ತದೆ. ಮರುದಿನ ಸಂಜೆ ಆರಕ್ಕೆ ನಾನೇ ಟಕಟಕ ಐದು ಸಲ ಆಡಿಸಿದೆ. ಬಲ್ಬಿಗೆ ಮರೆವು ಬಂತು! ಆ್ಯಪನ್ನೂ ಕಿತ್ತು ಮತ್ತೆ ಹಾಕಿಕೊಂಡೆ.

"ಏ, ಬಲ್ಬ್ ಕೆಟ್ಟಿದೆ. ಓಟಿಪಿ ಹೇಳೇ."

"ಮತ್ತಾ? ಎಂಥ ದರಿದ್ರ ಬಲ್ಬ್ ತಂದ್ರಿ!"

ಬೈದಳು. ಹದಿನಾಲ್ಕು ನಿಮಿಷ ಬೈದಳು. ಎಷ್ಟು ಚೆಂದ ಬೈದಳು!

ಹೀಗೆ ಒಂಬತ್ತು ದಿನ. ಹತ್ತನೆಯ ದಿನ ಆ್ಯಪಿಗೇ ಸಾಕಾಯಿತು. 'ತುಂಬಾ ಸಲ ಕೇಳಿದ್ದೀರಿ, ನಾಳೆ ನೋಡಿ' ಎಂದು ಬಾಗಿಲು ಹಾಕಿಕೊಂಡಿತು. ಗಡಿಯಾರ ಆರು ತೋರಿಸುತ್ತಿತ್ತು. ತಡೆಯಲಾಗಲಿಲ್ಲ, ಸುಮ್ಮನೆ ಫೋನ್ ಹಚ್ಚಿದೆ.

"ಓಟಿಪಿ ಬಂತಾ?"

"ಬಂತು, ಒತ್ತಿ. ಏಳು, ಒಂದು, ನಾಲ್ಕು, ಎಂಟು, ಎಂಟು, ಎರಡು."

ಅರೆ! ನಾನು ತರಿಸದೇ ಇದ್ದ ಓಟಿಪಿ ಇವಳಿಗೆ ಬಂದದ್ದೆಲ್ಲಿಂದ? ಕೇಳಿದರೆ ನಾನೇ ಸಿಕ್ಕಿಬೀಳುತ್ತೇನೆ!

"ಹತ್ತಿತಾ?"

"ಹ್ಞೂ, ಹತ್ತಿತು."

"ಹತ್ತುತ್ತೆ, ಹತ್ತುತ್ತೆ! ನಾನು ಓದಿದ್ದು ಇಲ್ಲಿ ಗ್ಯಾಸ್ ಸಿಲಿಂಡರ್ ಮೇಲಿನ ನಂಬರ್ರು!"

ಸ್ವಿಚ್ಚಿನ ಮೇಲಿದ್ದ ಕೈಯನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡೆ.

"ಎದುರು ಮನೆ ಚಿನ್ನಮ್ಮಜ್ಜಿ ಮಧ್ಯಾಹ್ನ ಫೋನ್ ಮಾಡಿದ್ರು. 'ನಿನ್ನ ಗಂಡ ದಿನಾ ಆರು ಗಂಟೆಗೆ ಕಿಟಕೀಲಿ ಐದು ಸಲ ಲೈಟ್ ಮಿಟುಕಿಸ್ತಾನೆ. ಎಪ್ಪತ್ತೆರಡಾದ ನಂಗ್ಯಾಕವ್ವ ಸಿಗ್ನಲ್ಲು?' ಅಂದ್ರು!"

"ಅಯ್ಯೋ ರಾಮಾ! ಅಜ್ಜಿಗಲ್ಲ ಕಣೇ ಅದು..."

"ಮತ್ಯಾರಿಗೆ?"

ನಾನು ಎದ್ದು ಕಿಟಕಿ ಮುಚ್ಚಿದೆ. ಅತ್ತ ನಗು ನಿಂತಿತು.

"ಬಾ ಅನ್ನೋಕೆ ನಿಮ್ಗೆ ಬಲ್ಬ್ ಬೇಕಾಯ್ತೇನ್ರೀ?"

"ಬಾ," ಅಂದೆ. ಅಷ್ಟೇ ಹೊರಟಿದ್ದು.

ಅವಳು ಮೂಗು ಎಳೆದುಕೊಂಡ ಸದ್ದು ಕೇಳಿಸಿತು. "ಹಸೀ ಬಾಣಂತೀನ ಬಿಟ್ಟು ಹ್ಯಾಗೆ ಬರ್ಲಿ? ಇನ್ನೈದು ವಾರ ತಡೀರಿ. ಆ ಬಲ್ಬ್ ಮುಟ್ಬೇಡಿ. ದಿನಾ ಆರಕ್ಕೆ ನಾನೇ ಫೋನ್ ಮಾಡ್ತೀನಿ. ಬಾಯಿ ಬಿಟ್ಟು ಮಾತಾಡಿ, ಸಾಕು."

ಮರುದಿನ ಐದಕ್ಕೇ ಸ್ನಾನ ಮಾಡಿ, ತಲೆ ಬಾಚಿ, ಫೋನಿನ ಮುಂದೆ ಕೂತೆ. ತುಳಸಿ ಚಿಗುರಿದ್ದು, ನಾನೇ ಮಾಡಿದ ಸಾರಿಗೆ ಉಪ್ಪು ಹೆಚ್ಚಾಗಿದ್ದು, ಅವಳ ಚಾಪೆ ಅಲ್ಲೇ ಸುತ್ತಿಟ್ಟಿದ್ದು, ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡೆ. ಆರಕ್ಕೆ ಸರಿಯಾಗಿ ಫೋನ್ ಬಡಿದುಕೊಂಡಿತು.

"ಹ್ಞೂ, ಈಗ ಹೇಳಿ," ಅಂದಳು, ಮೆಲ್ಲಗೆ.

ಒಂದು ಮಾತೂ ನೆನಪಿಲ್ಲ! ಬಲ್ಬಿನ ಮರೆವು ಪೂರ್ತಿ ನನಗೇ ಅಂಟಿತ್ತು.

"ಓಟಿಪಿ ಬಂತಾ?" ಅಂದುಬಿಟ್ಟೆ.